ಬಣ್ಣ ತೆಗೆಯದೆ

೧೪, ಮಂಗಳವಾರ

ಅಪ್ಪನ ಕೆನ್ನೆಗೆ ಅಷ್ಟು ಕೆಂಪು ಬಳಿಯಬೇಕಿತ್ತೇ? ಶವಾಗಾರದವರ ಕೆಲಸ. "ಹೋಗೋ ಹೊತ್ತಲ್ಲಿ ಮುಖ ಕಳೆಯಾಗಿರಲಿ ಬಿಡೇ," ಅಂದರು ಚಿಕ್ಕಪ್ಪ.

ಜೀವನವಿಡೀ ನಾಟಕಕ್ಕೆ ಬಣ್ಣ ಹಚ್ಚಿದ ಮನುಷ್ಯ ಒಂದು ರಾತ್ರಿಯೂ ಬಣ್ಣದಲ್ಲಿ ಮಲಗಿದವರಲ್ಲ. ನಾನು ರಂಗಕ್ಕೆ ಬಂದಾಗಲೂ ಅದೊಂದೇ ಪಾಠ: "ಎಷ್ಟೇ ಸುಸ್ತಾಗಿರಲಿ, ಬಣ್ಣ ತೆಗೀದೆ ಮಲಗಬೇಡ ಮಗಳೇ."

ಬಣ್ಣ ತೆಗೆಯಲೆಂದು ಅವರೇ ಕೊಡಿಸಿದ್ದ ಅಗ್ಗದ ಕೋಲ್ಡ್ ಕ್ರೀಮು ಚೀಲದಲ್ಲಿತ್ತು. ಹಣೆಯಿಂದ ಶುರುಮಾಡಿದೆ. ನನ್ನ ಮುಖದ ಮೇಲೆ ಬೆಣ್ಣೆಯಂತೆ ಕರಗುವ ಕ್ರೀಮು ಅವರ ಮೇಲೆ ಕರಗಲೇ ಇಲ್ಲ. ಇದ್ದಷ್ಟನ್ನೂ ಹಚ್ಚಿ ಒರೆಸಿದೆ.

"ಕಲ್ಲೇನೇ ನೀನು? ಒಂದು ಹನಿ ಕಣ್ಣೀರಿಲ್ಲ!" ಅಂದರು ಚಿಕ್ಕಪ್ಪ. ಇರಬಹುದು.

ಮನೆಗೆ ಬಂದು ಕನ್ನಡಿ ನೋಡಿದೆ. ಸುದ್ದಿ ಕೇಳಿ ಮಧ್ಯಾಹ್ನದ ನಾಟಕ ಮುಗಿಸದೆ ಓಡಿದ್ದೆ. ನನ್ನ ಬಣ್ಣ ಹಾಗೇ ಇದೆ. ಕ್ರೀಮಿನ ಡಬ್ಬಿ ಖಾಲಿ.

ಮಲಗುವ ಹಾಗಿಲ್ಲ.