ಓಡಿಹೋದವರ ಚಹರೆ

೧೪ ನವೆಂಬರ್, ಮಂಗಳವಾರ

ಪ್ರೀತಿಯ ಮಗಳೇ, ನನ್ನ ಪ್ರಶ್ನೆಪತ್ರಿಕೆಯೇ,

ಚೆನ್ನಾಗಿದ್ದೀಯೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ತಡವಾಯಿತು, ಸಿಟ್ಟಾಗಬೇಡ. ನೀನು ಕ್ಷೇಮವಾಗಿದ್ದೀಯೆಂದು ತಿಳಿದು ಹನ್ನೊಂದು ದಿನವಾಯಿತು. ಅಷ್ಟೂ ದಿನ ಮೊದಲ ಸಾಲು ಬರೆಯುವುದು, ಹರಿದುಹಾಕುವುದು, ಇಷ್ಟೇ ಆಯಿತು. ಸ್ಟೇಷನ್ನಿನ ದಫೇದಾರರು ಕರೆಸಿ, ಸ್ವಂತ ಇಚ್ಛೆಯಿಂದ ಮನೆ ಬಿಟ್ಟೆನೆಂದು ನೀನು ಬರೆದುಕೊಟ್ಟದ್ದನ್ನು ತೋರಿಸಿದರು. ವಿಳಾಸ ಕೇಳಿದೆ. ಇಪ್ಪತ್ತೊಂದು ತುಂಬಿದವಳು, ಕೊಡಲು ಬರುವುದಿಲ್ಲ, ಕಾಗದ ಕೊಟ್ಟರೆ ತಲುಪಿಸುತ್ತೇವೆ ಎಂದರು. ನಿನ್ನ ಅಕ್ಷರ ಇನ್ನೂ ಬಲಕ್ಕೇ ವಾಲುತ್ತದೆ.

ಕಾಲೇಜು ಇದ್ದ ಹಾಗೇ ಇದೆ. ಅಮೆರಿಕದ ಇತಿಹಾಸಕ್ಕೆ ಈ ವರ್ಷ ಹದಿನೇಳೇ ಜನ, ಯುರೋಪಿಗೆ ಅದಕ್ಕಿಂತ ಕಡಿಮೆ. ಪ್ರಿನ್ಸಿಪಾಲರು ನನ್ನನ್ನು ಕಂಡಾಗಲೆಲ್ಲ ಫ್ರಾನ್ಸಿನ ಕ್ರಾಂತಿ ಎಲ್ಲಿಗೆ ಬಂತು, ರಾಜನ ತಲೆ ಹೋಯಿತೇ ಎಂದು ಕಾಲೆಳೆಯುತ್ತಾರೆ. ನಾನೂ ಹಲ್ಲು ಕಿರಿಯುತ್ತೇನೆ.

ಗುಲಾಮಗಿರಿಯ ಪಾಠದಲ್ಲಿ ನಾನು ಪ್ರತಿ ವರ್ಷ ಮಾಡಿಸುವ ಕೆಲಸ ನಿನಗೆ ನೆನಪಿರಬೇಕು. ಓಡಿಹೋದ ಗುಲಾಮರನ್ನು ಹಿಡಿಸಲು ತೋಟದ ಒಡೆಯರು ಹಾಕಿಸುತ್ತಿದ್ದ ಪ್ರಕಟಣೆಗಳನ್ನು ಓದಿಸುತ್ತೇನೆ: ಬೆನ್ನಿನ ಮೇಲೆ ಚಾಟಿಯ ಕಲೆ, ಮಾತಾಡಿಸಿದರೆ ನೆಲ ನೋಡುತ್ತಾನೆ. ಇದು ಓಡಿಹೋದವನ ಚಹರೆಯಲ್ಲ, ಬರೆದವನ ಚಹರೆ. ಈ ಗುರುತು ಇವನಿಗೆ ಹೇಗೆ ಗೊತ್ತು ಎಂದು ಕೇಳಿ ನೋಡಿ ಎನ್ನುತ್ತೇನೆ. ಹೋದ ವರ್ಷ ನೀನು ಮೊದಲ ಬೆಂಚಿನಲ್ಲಿ ಕೂತು ಆ ಪಾಠದ ಒಂದಕ್ಷರವನ್ನೂ ಬರೆದುಕೊಳ್ಳಲಿಲ್ಲ. ಮನೆಗೆ ಬಂದು ನಾನು ಅದಕ್ಕೂ ನಿನ್ನನ್ನು ಬೈದೆ.

ಈ ಸಲ ನಮ್ಮ ದಿನಪತ್ರಿಕೆಗಳಿಂದಲೇ 'ಕಾಣೆಯಾಗಿದ್ದಾರೆ' ಪ್ರಕಟಣೆಯೊಂದನ್ನು ಕತ್ತರಿಸಿ ತಂದು, ಹಾಗೇ ಓದಿ ತೋರಿಸಿ ಎಂದಿದ್ದೆ. ನಾಲಗೆ ಚುರುಕಿನವಳೊಬ್ಬಳಿದ್ದಾಳೆ, ಹುಡುಗರು ಅವಳನ್ನು ಲಾಯರಮ್ಮ ಎನ್ನುತ್ತಾರೆ. ಅವಳು ಎದ್ದು ನಿಂತು ಓದಿದಳು: "ವಯಸ್ಸು ಇಪ್ಪತ್ತೊಂದು. ಕೋಲುಮುಖ, ಗೋಧಿ ಮೈಬಣ್ಣ. ಗದ್ದದ ಕೆಳಗೆ ಮೂರು ಹೊಲಿಗೆಯ ಗುರುತು. ಪ್ರಶ್ನಿಸಿದರೆ ತಲೆ ತಗ್ಗಿಸಿ ಉತ್ತರಿಸುತ್ತಾಳೆ."

ಮರ್ಯಾದೆಗೆ ಅಂಜಿ ಆ ಪ್ರಕಟಣೆಯಲ್ಲಿ ನಾನು ನಿನ್ನ ಹೆಸರನ್ನಾಗಲಿ ಫೋಟೊವನ್ನಾಗಲಿ ಹಾಕಿಸಿರಲಿಲ್ಲ. ಕೆಳಗೆ ಸ್ಟೇಷನ್ನಿನ ನಂಬರು ಮಾತ್ರ ಇತ್ತು. ಅದು ನನ್ನ ಬರಹವೆಂದು ಅವಳಿಗೆ ಹೇಗೆ ತಿಳಿಯಬೇಕು?

"ಸರ್, ವಾಸಿಯಾದ ಗಾಯಕ್ಕೆ ಎಷ್ಟು ಹೊಲಿಗೆ ಬಿದ್ದಿತ್ತು ಅಂತ ಯಾರಿಗೆ ನೆನಪಿರುತ್ತೆ? ಪಕ್ಕದಲ್ಲಿ ನಿಂತು ಹಾಕಿಸಿದೋರಿಗೆ. ಇನ್ನು, ಇವಳು ಯಾರು ಕೇಳಿದರೆ ತಲೆ ತಗ್ಗಿಸ್ತಾಳೆ? ಬರೆದೋನು ಕೇಳಿದರೆ. ಬೇರೆಯವರ ಮುಂದೆ ಅವಳು ಹೇಗಿರ್ತಾಳೆ ಅಂತ ಇವನಿಗೆ ಗೊತ್ತೇ ಇಲ್ಲ, ಸರ್."

ಪೂರ್ತಿ ಅಂಕ ಕೊಟ್ಟೆ. ಕೊಡದೆ ಏನು ಮಾಡಲಿ, ಪಾಠ ನನ್ನದೇ. ಗಂಟೆ ಹೊಡೆದ ಮೇಲೆ ಸ್ಟಾಫ್ ರೂಮಿನಲ್ಲಿ ಸೀಮೆಸುಣ್ಣದ ಕೈಯನ್ನು ತೊಳೆಯದೆ ತುಂಬ ಹೊತ್ತು ಕೂತಿದ್ದೆ.

ನೀನು ಏಳನೇ ಕ್ಲಾಸಿನಲ್ಲಿದ್ದಾಗ ಇಸವಿ ತಪ್ಪು ಹೇಳಿದೆಯೆಂದು ಮರದ ಡಸ್ಟರ್ ಎಸೆದವನು ನಾನು. ಮೆಟ್ಟಿಲಲ್ಲಿ ಜಾರಿ ಬಿದ್ದಳೆಂದು ಡಾಕ್ಟರಿಗೆ ಹೇಳಿದೆ. ನೀನೂ ತಲೆ ತಗ್ಗಿಸಿ ಹೌದೆಂದೆ. ಅಲ್ಲಿಯವರೆಗೆ ದಿನಕ್ಕೆ ನೂರು ಪ್ರಶ್ನೆ ಕೇಳುತ್ತಿದ್ದವಳು, ಆಮೇಲೆ ಕೇಳುವುದನ್ನೇ ಬಿಟ್ಟೆ. ಯಾವ ಇಸವಿಯೆಂದು ಈಗ ನನಗೇ ನೆನಪಿಲ್ಲ. ನನಗೆ ನಾಚಿಕೆಯಾಗುತ್ತಿದೆ, ಮಗಳೇ. ಕ್ಷಮಿಸು.

ಯಾವಾಗ ಮನೆಗೆ ಬರುತ್ತೀಯೆಂದು ಕೇಳುವುದಕ್ಕೇ ಈ ಕಾಗದ ಹಿಡಿದೆ. ನೀನು ಬರಬೇಕು ಎಂಬ ಆಸೆ ಹೋಗಿಲ್ಲ. ನಾನು ಬದಲಾಗಿದ್ದೇನೆ, ಬಂದು ನೋಡು. ಬಾರದಿದ್ದರೆ ಎರಡು ಸಾಲನ್ನಾದರೂ ಬರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಯಾರ ಪ್ರಶ್ನೆಗೂ ಹೆದರದೆ ನೂರು ಕಾಲ ಬಾಳು.

ಇಂತು ಹರಸುವ,
ನಿನ್ನ ಅಪ್ಪ

ತಾ.ಕ. (ಗುರುವಾರ): ಕಾಗದವನ್ನು ಸ್ಟೇಷನ್ನಿಗೆ ಕೊಡುವ ಮೊದಲು ನಿನ್ನೆ ಅಮ್ಮನಿಗೆ ಓದಿ ಹೇಳಿದೆ. ಮೆಚ್ಚಿಕೊಳ್ಳುತ್ತಾಳೆಂದುಕೊಂಡಿದ್ದೆ. ಬಟ್ಟೆ ಮಡಚುತ್ತಲೇ ಕೇಳಿಸಿಕೊಂಡು, ಆ ದಿನ ನಿನ್ನ ಚೀಲ ತುಂಬಿ ಬಸ್ಸು ಹತ್ತಿಸಿದವಳು ತಾನೇ ಎಂದಳು. ನನ್ನ ಕೈ ಎದ್ದಿತು. ಇಷ್ಟೆಲ್ಲ ಬರೆದ ಮೇಲೂ ಎದ್ದಿತು, ಬಿದ್ದಿತು. ಅವಳು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ.

"ಅವಳದು ಬರೆದ್ರಲ್ಲ, ನಂದೂ ಒಂದು ಬರೆದಿಟ್ಟುಕೊಳ್ಳಿ. ಬೇಕಾಗುತ್ತೆ," ಎಂದಳು.

ಇವತ್ತು ಬೆಳಿಗ್ಗೆ ಎದ್ದರೆ ಅವಳಿಲ್ಲ. ಅವಳ ಚಹರೆ ಬರೆಯಲು ಕೂತೆ. ಎಡ ಮಣಿಕಟ್ಟು, ಬಲ ಕಿವಿಯ ಹಿಂದೆ, ಭುಜ, ಬೆನ್ನು. ಒಂದು ಹಾಳೆ ಸಾಲಲಿಲ್ಲ, ಮಗಳೇ.