ತಿಪ್ಪವ್ವ ಒಲ್ಲೆನೆಂದ ಕೆಂಪು

ಮುಕ್ಕಾಂ ಸಿಂದಗಿ
ತಾ. 22-2-1959, ರವಿವಾರ

ಮಗಳೇ ಬಾಳಮ್ಮ,

ನಿನ್ನ ಅತ್ತೆ ಶಂಕ್ರೆವ್ವ ಕೈ ಎತ್ತಿ ಮಾಡುವ ಆಶೀರ್ವಾದ. ಅಕ್ಷರ ನೋಡಿ ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲರೂ ನೆಟ್ಟಗಿದ್ದೇವೆ. ಪ್ರತಿಸಲ ನಿನ್ನ ಗಂಡ ಬಸಂತನೇ ಬರೆಯುತ್ತಿದ್ದ. ಕೊನೆಗೆ ಅವ್ವನೂ ಆಶೀರ್ವಾದ ಹೇಳಿದ್ದಾಳೆ ಎಂದು ಒಂದು ಸಾಲು ತುರುಕುತ್ತಿದ್ದ. ಅದನ್ನು ನಾನು ಹೇಳಿರುತ್ತಿದ್ದೆನೋ ಇಲ್ಲವೋ, ನಿನಗೂ ಗೊತ್ತು, ನನಗೂ ಗೊತ್ತು. ಈ ಸಲ ನಾನೇ ಕೂತಿದ್ದೇನೆ. ಬಾಗೇವಾಡಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ತನಕ ಕಲಿತ ಅಕ್ಷರ, ಅಂಗಡಿಯ ಚೀಟಿ ಬರೆದು ಬರೆದು ಸೊಟ್ಟಗಾಗಿವೆ. ಓದಲು ಬಾರದಿದ್ದರೆ ಅಲ್ಲಿಯ ನರ್ಸಬಾಯಿಯ ಕೈಲಿ ಓದಿಸಬೇಡ, ನಿಧಾನಕ್ಕೆ ನೀನೇ ಓದು. ಮೈ ಹೇಗಿದೆ ನಿನ್ನದು? ಕೆಮ್ಮು ಇಳಿಯಿತೋ? ಸೂಜಿ ಇನ್ನೂ ದಿನಾ ಚುಚ್ಚುತ್ತಾರೋ? ಬಸಂತನನ್ನು ಕೇಳಿದರೆ ಆರಾಮ ಇದ್ದಾಳೆ ಎನ್ನುತ್ತಾನೆ. ಆರಾಮ ಇದ್ದವಳನ್ನು ಯಾರಾದರೂ ಮಿರಜಿನ ದವಾಖಾನೆಯಲ್ಲಿ ಇಷ್ಟು ಕಾಲ ಇಟ್ಟುಕೊಳ್ಳುತ್ತಾರೆಯೇ? ಡಾಕ್ಟರು ದಿನಾ ಕೋಳಿಯ ತತ್ತಿ ತಿನ್ನಲು ಹೇಳಿದ್ದಾರೆಂದು ಮೊನ್ನೆ ಬಾಯಿ ಬಿಟ್ಟ. ತಿನ್ನು ತಾಯಿ, ಬದುಕಿ ಬಾ. ಊರಿಗೆ ಬಂದ ಮೇಲೆ ಯಾರ ಮುಂದೆಯೂ ಆಡಬೇಡ ಅಷ್ಟೇ. ನಾನಂತೂ ಕೇಳಿಸಿಕೊಂಡಿಲ್ಲ.

ಕಳೆದ ಸೋಮವಾರ ನಿನ್ನ ಮಗಳು ತಿಪ್ಪವ್ವನಿಗೆ ಐದು ತುಂಬಿದವು. ಹರಕೆ ಮುಗಿಯಿತು. ಬಾಗೇವಾಡಿಗೆ ಕರೆದುಕೊಂಡು ಹೋಗಿ, ಬಸವಣ್ಣನ ಗುಡಿಯಲ್ಲಿ ಕಾಯಿ ಒಡೆಸಿ, ಬೇಡಿ ತಂದ ಅಂಗಿಗಳನ್ನೆಲ್ಲ ಗಂಟು ಕಟ್ಟಿ ಅಲ್ಲಿಯೇ ಕೊಟ್ಟು ಬಂದೆವು. ಬರುವಾಗ ಮನಗೂಳಿಯಲ್ಲಿ ಒಬ್ಬ ಮದುಮಗಳು ಬಸ್ಸು ಹತ್ತಿದಳು. ಹಸಿರು ಸೀರೆ, ಮೊಳಕೈತನಕ ಹಸಿರು ಬಳೆ, ತವರಿನವರು ಕೆಳಗೆ ನಿಂತು ಅಳುತ್ತಿದ್ದರು, ಇವಳು ಮೇಲೆ ಕೂತು ಅಳುತ್ತಿದ್ದಳು. ತಿಪ್ಪವ್ವ ಅವಳನ್ನು ಕಂಡಿದ್ದೇ ತಡ, ನನ್ನ ತೊಡೆಯೊಳಗೆ ಮುಖ ಹುದುಗಿಸಿದವಳು ಸಿಂದಗಿ ಬರುವತನಕ ಎತ್ತಲಿಲ್ಲ. ಗದ್ದಲಕ್ಕೆ ಹೆದರಿದಳು ಅಂದುಕೊಂಡೆ. ನನಗೆ ಯಾವಾಗಲೂ ಹಿಂಗೇ, ಎದುರಿಗಿದ್ದದ್ದು ತಡವಾಗಿ ಕಾಣುತ್ತದೆ.

ಹಿಂದಿನದನ್ನೆಲ್ಲ ನೀನು ಕಣ್ಣಾರೆ ಕಂಡವಳು. ಆದರೂ ಬರೆಯುತ್ತೇನೆ, ಅದಿಲ್ಲದೆ ಮುಂದಿನದು ಹೇಳಲು ಬಾರದು. ನಿನ್ನ ಚೊಚ್ಚಲು ಗಂಡು ಕುಂಚಿಗೆ ಕಟ್ಟಿಕೊಂಡ ಕೂಸಿದ್ದಾಗಲೇ ಹೋಯಿತು. ಆಮೇಲಿನ ಹೆಣ್ಣು ಹಸಿರು ಪರಕಾರ ಎಳೆದುಕೊಂಡು ಅಂಗಳದಲ್ಲಿ ಓಡುತ್ತಿದ್ದದ್ದು ಜ್ವರ ಬಂದು ಹೋಯಿತು. ನಮ್ಮದು ಬಟ್ಟೆಯ ಅಂಗಡಿ, ಬಣ್ಣಕ್ಕೇನು ಬರ? ಬಜಾರದ ಕಣ್ಣೆಲ್ಲ ನಮ್ಮ ಕೂಸುಗಳ ಮೇಲೆ ಎಂದು ನನಗೆ ತಲೆಯಲ್ಲಿ ಹೊಕ್ಕಿತು. ನಿನ್ನವ್ವ ಮುದ್ದೇಬಿಹಾಳದಿಂದ ಆಸೆಪಟ್ಟು ತಂದ ಆ ಕೆಂಪು ಹಳದಿ ಕುಂಚಿಗೆಗೇ ದೃಷ್ಟಿ ತಾಗಿತೆಂದು ಹತ್ತು ಮಂದಿಯೆದುರು ಆಡಿದೆ. ಅಂದು ನೀನು ಒಳಗೆ ಹೋಗಿ ಒಲೆ ಮುಂದೆ ಕೂತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಈ ಮೂರನೆಯದು ಹುಟ್ಟಿದ ದಿನವೇ ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿ ತಂದು ತಿಪ್ಪವ್ವ ಎಂದು ಕರೆದೆ. ಐದು ವರ್ಷ ಹೊಸ ಬಟ್ಟೆಯಿಲ್ಲ, ಬಣ್ಣವಿಲ್ಲ, ಐದು ಮನೆಯಲ್ಲಿ ಬೇಡಿ ತಂದ ಹಳೆಯದನ್ನೇ ಬಣ್ಣ ಹೋಗುವತನಕ ಸವಳು ಮಣ್ಣಿನಲ್ಲಿ ಒಗೆದು ತೊಡಿಸುತ್ತೇನೆ ಎಂದು ಹರಕೆ ಹೊತ್ತೆ. ನೀನು ಬೇಡವೆಂದೆ. ನಾನು ಕೇಳಲಿಲ್ಲ.

ಆ ಕೂಸಿಗೋ, ಬಣ್ಣದ ಹುಚ್ಚು ಹೊಟ್ಟೆಯಿಂದಲೇ ಬಂದಿತ್ತು. ನಿನಗೆ ನೆನಪಿದೆಯಲ್ಲ, ತೊಟ್ಟಿಲಲ್ಲಿ ಸಂಜೆ ಹೊತ್ತು ರಚ್ಚೆ ಹಿಡಿದಾಗ ನೀನು ನಿನ್ನ ಕೆಂಪು ಇಳಕಲ್ಲ ಸೀರೆಯ ಸೆರಗು ಮೇಲೆ ಹಿಡಿದು ಆಡಿಸುತ್ತಿದ್ದೆ. ಅಳು ಅಲ್ಲಿಗೇ ನಿಲ್ಲುತ್ತಿತ್ತು, ಕಣ್ಣು ಇಷ್ಟಗಲ ಮಾಡಿ ಕೈಕಾಲು ಬಡಿಯುತ್ತಿತ್ತು. ಅಂಬೆಗಾಲಿಡುವಾಗ ಅಂಗಡಿಗೆ ಬಂದರೆ ಹಳದಿಯ ಹತ್ತಿರ ಹೋಗಿ ನಗುವುದು, ಕೆಂಪು ಕಂಡರೆ ಕೇಕೆ ಹಾಕುವುದು, ಗಿರಾಕಿಗೆಂದು ನೀಲಿಯ ಥಾನು ಬಿಚ್ಚಿದರೆ ಅದರ ಮೇಲೆ ಕೆನ್ನೆಯಿಟ್ಟು ಮಲಗಿಬಿಡುವುದು. ಗಿರಾಕಿಗಳು ಸಣ್ಣ ಸಾವಕಾರ್ತಿ ಎಂದು ನಗುತ್ತಿದ್ದರು. ನಾನು ಬಂದು ಎತ್ತಿಕೊಂಡು ಹೋಗುತ್ತಿದ್ದೆ, ಅವಳು ಅಂಗಡಿಯತ್ತ ಕೈ ಚಾಚಿಕೊಂಡೇ ಬರುತ್ತಿದ್ದಳು. ಬೂದಿಬಣ್ಣದ ಆ ಹಳೆಯ ಅಂಗಿ ತೊಡಿಸುವಾಗಲೆಲ್ಲ ಮೈ ಬಿಗಿ ಹಿಡಿಯುತ್ತಿದ್ದಳು. ಅದನ್ನು ನಾನು ಹಟ ಎಂದೆ, ಹಟಕ್ಕೆ ಮದ್ದು ನನಗೆ ಗೊತ್ತಿತ್ತು.

ಆಮೇಲೆ ಚಿಂದಿಯ ಆ ದಿನ. ಅಂಗಡಿಯ ಕಟ್ಟೆಯ ಮೇಲೆ ಹೊಲಿಯುವ ನಮ್ಮ ಕಾಸಿಂಸಾಬನ ಮಿಷನ್ನಿನ ಕೆಳಗೆ ಬಿದ್ದ ಚೂರುಗಳನ್ನು ಆರಿಸಿ, ಯಾವುದೋ ಒಡಕು ಗಡಿಗೆಯಲ್ಲಿ ಬಚ್ಚಿಟ್ಟಿದ್ದಳು. ಕೆಂಪಿನದೆಲ್ಲ ಒಂದು ಸುರುಳಿ, ಹಳದಿಯದೆಲ್ಲ ಒಂದು ಸುರುಳಿ. ನಾನು ಅದನ್ನೆಲ್ಲ ತಂದು ಹಂಡೆಯ ಒಲೆಗೆ ಹಾಕಿದೆ. ಅವಳು ಚೀರಿದಾಗ ನಿನ್ನ ಎದುರಿಗೇ ಅಂದೆ, "ನಿನಗಿಂತ ಮದಲಿನವ್ರು ಬಣ್ಣ ಉಟ್ಟರು, ಹೋದರು. ನೀನೂ ಹೋಗ್ತೀ ಏನು?" ನೀನು ಕೆಮ್ಮುತ್ತ ಬಂದು ಅವಳನ್ನು ಒಳಗೆ ಕರೆದುಕೊಂಡು ಹೋದೆ, ನನ್ನ ಕೂಡ ಮಾತು ಬಿಟ್ಟೆ. ಕಳೆದ ದೀಪಾವಳಿಯ ಮುಂಚೆ ನಿನ್ನನ್ನು ಮಿರಜಿಗೆ ಕರೆದುಕೊಂಡು ಹೋದರು. ಆಸ್ಪತ್ರೆಗೆ ಹೋಗುವವಳಿಗೆ ಯಾಕೆ ಆ ಕೆಂಪು ಇಳಕಲ್ಲ ಎಂದು ನಾನು ಗೊಣಗಿದೆ. ಮಗಳಿಗೆ ಇಷ್ಟ ಎಂದು ನೀನು ಬಸಂತನಿಗೆ ಹೇಳಿದ್ದು ಬಾಗಿಲ ಹಿಂದೆ ನನಗೂ ಕೇಳಿಸಿತು. ಬಸ್ಸು ಧೂಳೆಬ್ಬಿಸಿಕೊಂಡು ತಿರುಗುವತನಕ ಕೂಸು ನನ್ನ ಕಂಕುಳಲ್ಲಿ ಕೂತು ಕಿಟಕಿಯ ಕೆಂಪನ್ನೇ ನೋಡಿತು. ಅಳಲಿಲ್ಲ. ಗಟ್ಟಿ ಕೂಸು ಎಂದು ಎಲ್ಲರೂ ಅಂದರು.

ಅಲ್ಲಿಂದ ಅವಳು ಬದಲಾದಳು. ಬಟ್ಟೆಗೆ ಕೈ ಹಚ್ಚುವುದು ಬಿಟ್ಟಳು. ಗಿರಾಕಿ ಬಂದು ಗಿಳಿಹಸಿರು ಕೇಳಲಿ, ದಾಳಿಂಬರಿ ಕೇಳಲಿ, ನೇರಳೆ ಕೇಳಲಿ, ಎಲ್ಲಿದೆಯೆಂದು ಬೆರಳು ಮಾಡಿ ತೋರಿಸುವಳು, ಹತ್ತಿರ ಹೋಗುವವಳಲ್ಲ. ಕಾಸಿಂಸಾಬನ ಮಗಳು ಸಗೀರಾ ಹಳದಿ ಫ್ರಾಕು ತೊಟ್ಟು ಆಡಲು ಬಂದರೆ ಇವಳು ಮೂಲೆ ಹಿಡಿಯುವಳು. ನಾನು ನೆರೆಮನೆಯವರ ಮುಂದೆ ಹಿಗ್ಗಿ ಹಿಗ್ಗಿ ಹೇಳಿದೆ, ನೋಡಿರಿ, ನನ್ನ ಮೊಮ್ಮಗಳು ಎಷ್ಟು ಶಾಣ್ಯಾ ಆದಳು ಎಂದು. ನಿನಗೂ ಬಸಂತನ ಕೈಯಿಂದ ಹಾಗೆಯೇ ಬರೆಸಿದೆ.

ಹರಕೆ ಮುಗಿಸಿ ಬಂದ ಮರುದಿನ ಮಂಗಳವಾರ, ಅಂಗಡಿಯ ಗಾದಿಯ ಮೇಲೆ ನಾನೇ ಬಟ್ಟೆ ಹರವಿಸಿದೆ. ಗುಳೇದಗುಡ್ಡದ ಕೆಂಪು ಖಣ, ಹಳದಿ ಪಾಪ್ಲಿನ್ನು, ನೀಲಿ ವಾಯಲ್ಲು, ಹೂವಿನ ಛೀಟು, ಏನುಂಟು ಏನಿಲ್ಲ. ಬಸಂತ ಬೆಳಿಗ್ಗೆಯೇ ಮೀಸೆ ತಿರುವಿಕೊಂಡು ಕೂತಿದ್ದ. ಕಾಸಿಂಸಾಬ ಕೊರಳಲ್ಲಿ ಟೇಪು ಹಾಕಿಕೊಂಡು ನಿಂತಿದ್ದ. ಸಗೀರಾ ಬಂದವಳೇ ಹಳದಿಯ ಮೇಲೆ ಬಿದ್ದು ಉರುಳಾಡಿ ಅಪ್ಪನಿಂದ ಬೈಸಿಕೊಂಡಳು. ನಮ್ಮವಳು ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ನಿಂತಳು. ಯಾವುದು ಬೇಕೋ ತೊಗೋ, ಎಲ್ಲ ನಿನ್ನದೇ ಎಂದೆ. ಬಹಳ ಹೊತ್ತು ನೋಡಿದಳು. ಕೆಂಪಿನ ಮೇಲೆ ಕಣ್ಣು ನಿಂತದ್ದು ನಾನು ಕಂಡೆ. ಕೊನೆಗೆ ಬೆರಳು ಮಾಡಿದ್ದು ಕೆಳಗಿನ ಗೂಡಿನಲ್ಲಿದ್ದ ಬಿಳಿ ಮಾಂಜರಪಾಟಿಗೆ. ಹೆಣಕ್ಕೆ ಹೊದಿಸಲು ಒಯ್ಯುತ್ತಾರಲ್ಲ, ಅದೇ. ಬಸಂತ ಮೊದಲು ನಕ್ಕ, ಆಮೇಲೆ ಅವನ ಮುಖ ಸಣ್ಣದಾಯಿತು. ನಾನು ರೇಗಿದೆ, ರಮಿಸಿದೆ, ಕೆಂಪು ಖಣವನ್ನು ಅವಳ ಹೆಗಲ ಮೇಲೆ ಹಾಕಲು ಹೋದೆ. ಕೆಂಡ ಬಿದ್ದವರ ಹಾಗೆ ಕೊಡವಿದಳು. ಕಾಸಿಂಸಾಬ ಟೇಪು ತೆಗೆದು ಮಿಷನ್ನಿನ ಮೇಲಿಟ್ಟು, "ಕೂಸಿಗಿ ಇದನ್ನ ಹೊಲಿಯಾಕ ನನಗ ಕೈ ಬರಂಗಿಲ್ರಿ, ಅವ್ವಾರ" ಎಂದು ಹೊರಗೆ ಹೋಗಿಬಿಟ್ಟ.

ಒಳಗೆ ಕರೆದುಕೊಂಡು ಬಂದು ತೊಡೆಯ ಮೇಲೆ ಕೂರಿಸಿಕೊಂಡೆ. ಬಯ್ಯುವುದಿಲ್ಲವೆಂದು ಆಣೆ ಮಾಡಿದ ಮೇಲೆ ಹೇಳಿದಳು, ಬಾಳಮ್ಮ. ಅವಳ ಮಾತು ಅವಳದೇ ಹಾಗೆ ಬರೆಯುತ್ತೇನೆ. "ಬಣ್ಣ ಉಟ್ಟವ್ರು ಹೋಗ್ತಾರ, ಆಯಿ. ಅವ್ವ ಕೆಂಪು ಉಟ್ಕೊಂಡು ಹೋದ್ಳು. ನೀ ಬಿಳಿದು ಉಟ್ಟೀ, ನೀ ಇಲ್ಲೇ ಅದೀ. ನಾನೂ ಬಿಳಿದ ಉಡ್ತೇನಿ. ಅವ್ವ ಬಂದಾಗ ನಾ ಮನ್ಯಾಗ ಇರಬೇಕಲ್ಲ?"

 ಊರಿಗೆಲ್ಲ ಬುದ್ಧಿ ಹೇಳುವ ಶಂಕ್ರೆವ್ವನಿಗೆ ಇದು ಹೊಳೆದಿರಲಿಲ್ಲ. ಅಂಗಡಿಗೆ ಬರುವವರಾದರೂ ಯಾರು? ಮದುವೆಯ ಜವಳಿಗೆ ಬರುವವರು. ಬಣ್ಣ ಕೊಂಡ ಹುಡುಗಿಯರೆಲ್ಲ ತಿಂಗಳೊಪ್ಪತ್ತಿನಲ್ಲಿ ಬಸ್ಸು ಹತ್ತಿ ಹೋಗುವುದನ್ನು ಅವಳು ಕಟ್ಟೆಯ ಮೇಲೆ ಕೂತೇ ನೋಡಿದ್ದಾಳೆ. ನಾನು ಒಲೆಯ ಮುಂದೆ ಸಿಟ್ಟಿನಲ್ಲಿ ಆಡಿದ ಮಾತು ಅವಳಿಗೆ ದಿನ ದಿನಕ್ಕೂ ಖರೆಯಾಗುತ್ತ ಬಂದಿದೆ. ನಾನು ಬಿಳಿ ಉಟ್ಟದ್ದು ನಿನ್ನ ಮಾವ ತೀರಿಕೊಂಡರೆಂದು. ಅದಕ್ಕಿಂತ ಮುಂಚೆ ನನಗೂ ಕೆಂಪು ಅಂದರೆ ಪ್ರಾಣವಾಗಿತ್ತು ಎಂದು ಆ ಕೂಸಿಗೆ ಯಾರು ಹೇಳಬೇಕು? ಹರಕೆ ಸುಳ್ಳು ಎಂದು ಇನ್ನೂ ನನ್ನ ಬಾಯಿಂದ ಬರುವುದಿಲ್ಲ. ಕೂಸು ಉಳಿದಿದೆ, ಅದನ್ನು ಅಲ್ಲಗಳೆಯಲು ನನಗೆ ಅಂಜಿಕೆ. ಆದರೆ ಅದರ ನಗು, ಕೇಕೆ, ಬಡಿಯುವ ಆ ಕೈಕಾಲು, ಇವನ್ನೆಲ್ಲ ನಾನು ಹಂಡೆಯ ಒಲೆಗೆ ಹಾಕಿದೆ. ನನ್ನಿಂದ ತಪ್ಪಾಯಿತು ಮಗಳೇ. ನೀನು ಅಂದು ಬೇಡವೆಂದಾಗ ಕೇಳಬೇಕಾಗಿತ್ತು.

ಮಾಂಜರಪಾಟಿನ ಅಂಗಿಯನ್ನು ಕೊನೆಗೆ ನಾನೇ ಕೈಯಿಂದ ಹೊಲಿದು ತೊಡಿಸಿದೆ, ಬೇರೆ ಏನೂ ತೊಡಲು ಒಲ್ಲೆ ಎಂದಳು. ಅದನ್ನು ತೊಟ್ಟು ನನ್ನ ಪಕ್ಕ ಕೂತು, ಆಯಿ ನಾವಿಬ್ಬರೂ ಒಂದೇ ಎಂದಾಗ ನಾನು ಎದ್ದು ಹಿತ್ತಲಿಗೆ ಹೋಗಿ ಅತ್ತು ಬಂದೆ. ಬಸಂತ ಈಗ ನನ್ನ ಕೂಡ ಹೆಚ್ಚು ಮಾತಾಡುವುದಿಲ್ಲ. ಅವನದೇನೂ ತಪ್ಪಿಲ್ಲ. ಯುಗಾದಿಯ ಹೊತ್ತಿಗೆ ನಿನ್ನನ್ನು ಬಿಟ್ಟರೂ ಬಿಡಬಹುದು ಎಂದು ಡಾಕ್ಟರು ಹೇಳಿದ್ದನ್ನು ಮಾತ್ರ ದಿನಾ ಮಗಳಿಗೆ ಹೇಳುತ್ತಾನೆ, ಅವಳು ಯುಗಾದಿ ಅಂದರೆ ಯಾವ ಊರು ಎಂದು ಕೇಳುತ್ತಾಳೆ.

ಹೊತ್ತಿಗೆ ಸರಿಯಾಗಿ ಔಷಧ ತೊಗೋ. ಬಿಸಿಲು ಏರುವ ಮುಂಚೆ ಹೊರಗೆ ಕೂಡು, ಚಿಂತೆ ಮಾಡಬೇಡ. ಬಸಂತನ ಕೈಯಲ್ಲಿ ಜೋಳದ ಹುರಿಹಿಟ್ಟು, ಶೇಂಗಾ ಚಟ್ನಿ ಕಳಿಸಿದ್ದೇನೆ, ಚಟ್ನಿಗೆ ಖಾರ ಕಡಿಮೆ ಹಾಕಿದ್ದೇನೆ. ಕಾಸಿಂಸಾಬನ ಮನೆಯವರೂ ನಿನ್ನನ್ನು ಕೇಳಿದ್ದಾರೆ. ಬಸವಣ್ಣ ನಿನಗೆ ಎದೆ ತುಂಬ ಉಸಿರು ಕೊಡಲಿ, ನಿನ್ನ ಮುತ್ತೈದೆತನ ಗಟ್ಟಿಯಿರಲಿ.

ನಿನ್ನ ಅತ್ತೆ,
ಶಂಕ್ರೆವ್ವ

ತಾ.ಕ. ಬಸಂತ ಚೀಲ ಹಿಡಿದು ಬಸ್ಸಿಗೆ ಹೊರಟು ನಿಂತಿದ್ದಾನೆ, ಲಕೋಟೆ ಅಂಟಿಸು ಎಂದು ಒಂದೇ ಸವನೆ ಅವಸರ ಮಾಡುತ್ತಿದ್ದಾನೆ. ಇದನ್ನು ಮೊದಲೇ ಬರೆಯಬೇಕಿತ್ತು, ನಾಚಿಕೆಗೆ ಬರೆಯಲಿಲ್ಲ. ಆ ಕೆಂಪು ಖಣದಲ್ಲಿ ಕಾಸಿಂಸಾಬನಿಂದ ನಿನ್ನೆ ನನಗೊಂದು ಕುಪ್ಪಸ ಹೊಲಿಸಿ, ಈ ಮುಂಜಾನೆ ತೊಟ್ಟೆ. ಬಜಾರ ಆಡಿಕೊಂಡರೆ ಆಡಿಕೊಳ್ಳಲಿ. ಬಣ್ಣ ಉಟ್ಟವರು ಮನೆಯಲ್ಲಿಯೇ ಇರುತ್ತಾರೆಂದು ಕೂಸಿಗೆ ತೋರಿಸಬೇಕಿತ್ತು. ತಿಪ್ಪವ್ವ ನನ್ನನ್ನು ನೋಡಿ ಅಳಲಿಲ್ಲ. ಹೋಗಿ ಬಾಗಿಲು ಮುಚ್ಚಿ, ಬಂದು ನನ್ನ ಸೆರಗು ಮುಷ್ಟಿಯಲ್ಲಿ ಹಿಡಿದು ಕೂತವಳು ಇನ್ನೂ ಬಿಟ್ಟಿಲ್ಲ, ಉಂಡಿಲ್ಲ. ಬರೆಯುವಾಗಲೂ ಸೆರಗು ಜಗ್ಗುತ್ತಿದೆ. ನಾನು ದಿನಾ ತೊಡುತ್ತೇನೆ, ಇವತ್ತಲ್ಲ ನಾಳೆ ನಾನು ಹೋಗುವುದಿಲ್ಲ ಎಂದು ನಂಬುತ್ತಾಳೆ. ಆದರೆ ಹೋದವರು ತಿರುಗಿ ಬರುತ್ತಾರೆ ಎನ್ನುವುದನ್ನು ನಾನು ತೋರಿಸಲು ಆಗದು, ಅದು ನಿನ್ನ ಕೈಯಲ್ಲೇ ಇದೆ. ಬರುವ ದಿನ ಆ ಕೆಂಪು ಇಳಕಲ್ಲನ್ನೇ ಉಟ್ಟುಕೊಂಡು ಬಸ್ಸಿನಿಂದ ಇಳಿ. ಹರಿದಿದ್ದರೂ ಅದನ್ನೇ ಉಟ್ಟು ಬಾ.