ಹುಳದ ಮನೆಯ ಮೊದಲ ಬರಹ

ವಿರೂಪಾಕ್ಷಿಪುರ,
ಚನ್ನಪಟ್ಟಣ ತಾಲ್ಲೂಕು.
೨೦ ಆಗಸ್ಟ್ ೨೦೨೫, ಬುಧವಾರ

ಪ್ರೀತಿಯ ಸೌಮ್ಯಾ,

ಬರೆಯುತ್ತಿರುವುದು ನಿನ್ನ ಅತ್ತೆ ಬೋರಮ್ಮ. ಊರಿನ ಹೆಂಗಸರ ಹಾಲಿನ ಸಂಘಕ್ಕೆ ಎರಡು ಸಲ ಅಧ್ಯಕ್ಷಳಾಗಿದ್ದವಳು, ನಲವತ್ತೆರಡು ವರ್ಷದಿಂದ ರೇಷ್ಮೆ ಹುಳ ಸಾಕುತ್ತಿರುವವಳು, ಎಸ್ಸೆಸ್ಸೆಲ್ಸಿಯನ್ನು ಒಂದೇ ಸಲಕ್ಕೆ ಪಾಸು ಮಾಡಿದವಳು. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಬರೆದೆ, ಮುಂದೆ ಬರುವ ಮಾತನ್ನು ಇಂಥವಳೇ ಹೇಳಿದಳು ಎಂಬುದು ಕಾಗದದ ಮೇಲೆ ಇರಲಿ ಎಂದು.

ನಿನ್ನ ತಾಯಿಯವರ ಸೊಂಟದ ಮೂಳೆ ಹೇಗಿದೆ? ವಾಕರ್ ಹಿಡಿದು ಬಚ್ಚಲಿನವರೆಗೆ ನಡೆಯುತ್ತಾರೆ ಎಂದು ನಿನ್ನ ಗಂಡ ನಾಗರಾಜು ಹೇಳಿದ. ಅವಸರ ಮಾಡಿಸಬೇಡ. ಮಾಗಡಿಯಲ್ಲಿ ನೀನು ಎಷ್ಟು ದಿನ ಬೇಕಾದರೂ ಇರು, ಇಲ್ಲಿ ಯಾರೂ ಉಪವಾಸವಿಲ್ಲ. ರೋಗಿಯನ್ನು ನೋಡಿಕೊಳ್ಳುವವರು ನಿಂತುಕೊಂಡೇ ಉಣ್ಣುತ್ತಾರೆ, ನೀನು ಹಾಗೆ ಮಾಡಬೇಡ, ಕೂತು ಉಣ್ಣು. ನಿನ್ನ ಮಾವನವರ ಕೆಮ್ಮು ಇಳಿದಿದೆ, ಬೀಡಿ ಇಳಿದಿಲ್ಲ. ನಿನ್ನ ಮಗಳು ನವ್ಯಶ್ರೀ ಗಣಿತದಲ್ಲಿ ಕಡಿಮೆ ತೆಗೆದಿದ್ದಾಳೆ. ನಾನು ಬೈದಾಗಿದೆ, ನೀನು ಮತ್ತೆ ಬೈಯುವುದು ಬೇಡ. ನಾಗರಾಜು ಬಿಡದಿ ಕಾರ್ಖಾನೆಗೆ ಮೊದಲ ಪಾಳಿಯಲ್ಲಿ ಹೋಗುತ್ತಿದ್ದಾನೆ. ಹುಳ ಮೂರನೇ ಸಲ ಪೊರೆ ಬಿಟ್ಟು ಎದ್ದು ಚೆನ್ನಾಗಿ ಸೊಪ್ಪು ತಿನ್ನುತ್ತಿದೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹೇಳಬೇಕಾದ ಇನ್ನೊಂದು ಮಾತಿದೆ. ಫೋನಿನಲ್ಲಾದರೆ ನೀನು ನಡುವೆ "ಇರ್ಲಿ ಬಿಡಿ ಅತ್ತೆ" ಅನ್ನುತ್ತೀಯ. ಅಷ್ಟು ಸಾಕು, ನಾನೂ ಬಿಟ್ಟುಬಿಡುತ್ತೇನೆ. ಕಾಗದದಲ್ಲಿ ಅಡ್ಡ ಬರುವವರಿಲ್ಲ.

ನೀನು ಮಾಗಡಿಗೆ ಹೊರಡುವ ಹಿಂದಿನ ದಿನ ನನ್ನ ಫೋನಿನಲ್ಲಿ ಬ್ಲಾಗು ತೆರೆದು, "ಬೋರಮ್ಮನ ಹುಳದ ಮನೆ" ಎಂದು ಹೆಸರೂ ಹಾಕಿಕೊಟ್ಟೆ. "ದಿನಾ ನಾಲ್ಕು ಜನ ಫೋನ್ ಮಾಡಿ ನಿಮ್ಮನ್ನ ಕೇಳ್ತಾರಲ್ಲ ಅತ್ತೆ, ಅವ್ರಿಗೆ ಹೇಳೋದ್ನೇ ಬರೀರಿ" ಎಂದೆ. "ನಂಗ್ಯಾಕಮ್ಮಿ ಈ ವಯಸ್ನಲ್ಲಿ ಈ ಸೋಕಿ" ಎಂದು ನಾನು ಗದರಿದೆ. ಅದು ಸಿಟ್ಟಲ್ಲ, ಹೆದರಿಕೆ. ನಮ್ಮ ಜಗಲಿಯ ಮೇಲೆ ಕೂತು ಕೇಳುವವರಿಗೆ ನಾನು ಬೋರಮ್ಮ. ಎಲ್ಲೋ ಕೂತು ಓದುವವರಿಗೆ ನಾನು ಯಾರು? ಡಿಗ್ರಿ ಓದಿದವರು ಒಂದು ಒತ್ತಕ್ಷರ ತಪ್ಪಿದರೂ ನಗುತ್ತಾರೆ. ಇಲಾಖೆಯವರು ಬಣ್ಣದ ಚಿತ್ರ ಹಾಕಿ ಪುಸ್ತಕ ಹಂಚುತ್ತಾರೆ, ಅದರ ಮುಂದೆ ನನ್ನ ಮಾತಿಗೇನು ಬೆಲೆ? ಹೀಗೆಲ್ಲ ಅನ್ನಿಸಿತು.

ಆದರೂ ನೀನು ಹೋದ ಮೇಲೆ ಕೂತೆ. ಒತ್ತಕ್ಷರ ಒತ್ತುವುದನ್ನು ನವ್ಯಶ್ರೀ ಹೇಳಿಕೊಟ್ಟಳು. ಒಂದೇ ಬೆರಳಿನಲ್ಲಿ ಬರೆಯುತ್ತೇನೆ, ಹುಳಕ್ಕೆ ಸೊಪ್ಪು ಹಾಕಿ ಬಂದು ಕಾಫಿ ಕುಡಿಯುವ ಹೊತ್ತಿನಲ್ಲಿ. ಮೊದಲ ಸಲ ಬರೆದದ್ದು ಗಣರಾಜ್ಯೋತ್ಸವದ ಭಾಷಣದ ಹಾಗಿತ್ತು, ಅಳಿಸಿದೆ. ಎರಡನೆಯದು ಇಲಾಖೆಯ ಪುಸ್ತಕದ ಹಾಗೇ ಬಂತು. ಹುಳದ ಮನೆಗೆ ಸುಣ್ಣ ಹೊಡೆಯುವುದು, ಪೊರೆ ಬಿಡುವಾಗ ಸೊಪ್ಪು ನಿಲ್ಲಿಸುವುದು, ಗಾಳಿ, ಬಿಸಿ, ತೇವ. ಒಂದೂ ತಪ್ಪಿರಲಿಲ್ಲ. ನಿನ್ನ ಮಾವನವರಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು, ನಿದ್ದೆ ಹೋದರೇನೋ ಎಂದುಕೊಂಡೆ. ಕೊನೆಗೆ, "ಎಲ್ಲಾ ಸರ್ಯಾಗೈತೆ ಕಣಮ್ಮಿ. ಆದ್ರೆ ಇದ್ರಾಗೆ ಎಲ್ಲೂ ಒಂದು ಹುಳಾನೂ ಸತ್ತಿಲ್ವಲ್ಲ. ಹುಳ ಸಾಕೋರು ಯಾರಾರ ನಂಬ್ತಾರಾ?" ಎಂದರು.

ಅವರು ಏನೂ ತಿಳಿಯದೆ ಹೇಳಿದ ಮಾತು. ಆದರೆ ನನ್ನ ಕೈ ನಿಂತಿತು. ಒತ್ತಕ್ಷರದ ಹೆದರಿಕೆ, ಡಿಗ್ರಿಯವರ ಹೆದರಿಕೆ ಎಲ್ಲ ಮೇಲಿನದು. ಹುಳದ ವಿಷಯ ನಿಜವಾಗಿ ಬರೆಯಲು ಕೂತರೆ ೨೦೧೯ರ ಮಾರ್ಚ್ ತಿಂಗಳ ಬೆಳೆಯನ್ನು ಬರೆಯಬೇಕಾಗುತ್ತದೆ. ನಾನು ತಪ್ಪಿಸಿಕೊಳ್ಳುತ್ತಿದ್ದದ್ದು ಅದರಿಂದ.

ಆ ಬೆಳೆ ನಿನಗೆ ಮರೆತಿರುವುದಿಲ್ಲ. ಪಕ್ಕದ ತನ್ನ ಮಾವಿನ ತೋಟಕ್ಕೆ ಚೆಲುವಯ್ಯ ಔಷಧಿ ಹೊಡೆಸಿದ್ದ. ಬೇಲಿಯ ಹತ್ತಿರ ಬಂದು, "ಅಕ್ಕ, ಈ ಕಡೇ ಸಾಲಿನ ಸೊಪ್ಪ ಹದಿನೈದು ದಿವ್ಸ ಮುಟ್ಬ್ಯಾಡ" ಎಂದು ಹೇಳಿಯೂ ಹೋಗಿದ್ದ. ಒಂಬತ್ತನೇ ದಿನ ನಮಗೆ ಸೊಪ್ಪು ಸಾಲದೆ ಬಂತು. ನಡುವೆ ಒಂದು ಮಳೆ ಬಿದ್ದಿತ್ತು. ತೊಳೆದುಹೋಗಿರುತ್ತದೆ, ನನಗೆ ತಿಳಿಯದ ಸೊಪ್ಪು ಯಾವುದಿದೆ ಎಂದು ಆ ಸಾಲನ್ನು ನಾನೇ ಕೊಯ್ದೆ, ನಾನೇ ಹಾಕಿದೆ. ಮಾರನೆಯ ದಿನ ಹುಳಗಳು ತಲೆ ಒಲೆದವು, ಹಸುರು ಕಕ್ಕಿದವು, ಸಂಜೆಗೆ ಕುಗ್ಗಿ ಸತ್ತವು. ಇನ್ನು ನಾಲ್ಕು ದಿನಕ್ಕೆ ಗೂಡು ಕಟ್ಟಬೇಕಾಗಿದ್ದ ಹುಳಗಳು. ಚೆಲುವಯ್ಯ ಬಂದು ನೋಡಿ, "ಆ ಸಾಲಿನ ಸೊಪ್ಪೇನಾರ ಹಾಕ್ದಾ ಅಕ್ಕ?" ಎಂದು ಕೇಳಿದ. ನಾನು ಇಲ್ಲ ಎಂದೆ. ಅವನಿಗೆ ನಾನು ಹೇಳಿದ ಮೊದಲ ಸುಳ್ಳು.

ಅವನು ಹೋದ ಮೇಲೆ ಪಕ್ಕದ ಮನೆ ಅಂಕಮ್ಮ ಬಂದಳು. ನೀನು ಆ ವಾರ ಹೊರಗಾಗಿದ್ದೆ. "ನಿನ್ ಸೊಸೆ ಹಂಗೇ ಹುಳದ ಮನೀಕೆ ಬಂದ್ಬುಟ್ಲಾ ಏನ್ಕತೆ?" ಎಂದಳು. ಹೌದು ಎನ್ನಲಿಲ್ಲ ನಾನು. ಅಲ್ಲ ಎನ್ನಲೂ ಇಲ್ಲ. ನಿನ್ನ ಕಡೆ ಒಮ್ಮೆ ನೋಡಿ ಸುಮ್ಮನಾದೆ. ಅಷ್ಟೇ ಸಾಕಾಯಿತು. ನೀನು ಆ ವಾರ ಹುಳದ ಮನೆಯ ಹೊಸ್ತಿಲು ದಾಟಿರಲಿಲ್ಲ, ಅದು ನನಗೆ ಗೊತ್ತಿತ್ತು. ನಾಗರಾಜು ಒಂದು ತಿಂಗಳು ನಿನಗೆ ಮುಖ ಕೊಟ್ಟು ಮಾತಾಡಲಿಲ್ಲ, ಅದೂ ಗೊತ್ತಿತ್ತು. ಆಮೇಲೆ ಯಾರ ಮನೆಯಲ್ಲಿ ಹುಳ ಹಣ್ಣಾದರೂ, ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ಊರಿನ ಹೆಂಗಸರನ್ನೆಲ್ಲ ಕೂಗುತ್ತಾರೆ, ನಿನ್ನನ್ನು ಕೂಗುವುದಿಲ್ಲ. ನಮ್ಮ ಮನೆಯಲ್ಲೂ ನೀನು ಸೊಪ್ಪಿನ ಹೊರೆಯನ್ನು ಬಾಗಿಲಲ್ಲಿ ಇಳಿಸಿ ಹಿಂದಕ್ಕೆ ಹೋಗುತ್ತೀಯ. ಬಾ ಒಳಗೆ ಎಂದು ನಾನು ಆರು ವರ್ಷದಲ್ಲಿ ಒಮ್ಮೆಯೂ ಹೇಳಲಿಲ್ಲ. ಹೇಳಿದ್ದರೆ, ಹಾಗಾದರೆ ಹುಳ ಸತ್ತದ್ದು ಯಾರಿಂದ ಎಂದು ಯಾರಾದರೂ ಕೇಳುತ್ತಿದ್ದರು.

ಮೂರನೆಯ ಬರಹ ಇದನ್ನೇ ಕುರಿತದ್ದು. ಒಂದು ಬೆಳಗಿನಲ್ಲಿ ಮುಗಿಯಿತು, ಎಲ್ಲೂ ತಡವರಿಸಲಿಲ್ಲ. ನಿನ್ನ ಹೆಸರು ಹಾಕಿಲ್ಲ, "ನನ್ನ ಸೊಸೆ" ಎಂದಷ್ಟೇ ಇದೆ. ನನ್ನ ಹೆಸರು ಇದೆ. ಹೆಂಗಸರು ಹೊರಗಾದರೆ ಹುಳ ಸಾಯುವುದಿಲ್ಲ, ಔಷಧಿ ಹೊಡೆದ ಸೊಪ್ಪಿನಿಂದ ಸಾಯುತ್ತದೆ, ಒಂದು ಮಳೆಗೆ ಆ ವಿಷ ಹೋಗುವುದಿಲ್ಲ ಎಂಬುದನ್ನೂ ಬರೆದಿದ್ದೇನೆ. ಹೊಸದಾಗಿ ಹುಳ ಸಾಕುವವರಿಗೆ ಬೇಕಾದ ಮಾತು ಅದು.

ಬರೆದು ಹನ್ನೊಂದು ದಿನವಾಯಿತು. ಹೊರಗೆ ಬಿಟ್ಟಿಲ್ಲ. ದಿನವೂ ತೆಗೆದು ಓದಿ ಮುಚ್ಚಿಡುತ್ತೇನೆ. ನಲವತ್ತು ವರ್ಷ ಊರಿಗೆ ಬುದ್ಧಿ ಹೇಳಿದವಳು, ನಾಳೆ ಯಾರಿಗಾದರೂ ಹೀಗೆ ಮಾಡು ಎಂದರೆ, ನಿನ್ನ ಬುದ್ಧಿ ಗೊತ್ತು ಹೋಗಮ್ಮ ಎನ್ನುತ್ತಾರೇನೋ. ನಿನ್ನನ್ನು ಕೇಳಿ ಹಾಕೋಣ ಎಂದೂ ಯೋಚಿಸಿದೆ. ಆದರೆ ನೀನು ಬೇಡ ಎನ್ನುತ್ತೀಯ ಎಂಬ ಆಸೆಯಿಂದಲೇ ಕೇಳುತ್ತಿದ್ದೇನೆ ಎಂದು ನನಗೇ ತಿಳಿಯಿತು. ಆದ್ದರಿಂದ ಕೇಳುತ್ತಿಲ್ಲ. ಆರು ವರ್ಷ ನಿನ್ನ ಮೇಲೆ ಹೊರಿಸಿದ್ದು ತಪ್ಪು. ಅದನ್ನು ಇಲ್ಲಿ ಒಪ್ಪಿಕೊಂಡಿದ್ದೇನೆ. ಇದಕ್ಕೆ ನೀನು ಉತ್ತರ ಬರೆಯಲೇಬೇಕೆಂದಿಲ್ಲ.

ನಿನ್ನ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸು. ಅವರು ಬೇಗ ಎದ್ದು ಓಡಾಡುವಂತಾಗಲಿ, ನಿನ್ನ ಕೈಗೂ ಸ್ವಲ್ಪ ಬಿಡುವು ಸಿಗಲಿ.

ನಿನ್ನ ಅತ್ತೆ,
ಬೋರಮ್ಮ

ಗುರುವಾರ ಬೆಳಗ್ಗೆ ಸೇರಿಸಿದ್ದು: ಈ ಕಾಗದವನ್ನು ಅಂಚೆಗೆ ಹಾಕಲು ಹೊರಟವಳು ಅಂಕಮ್ಮನ ಜಗಲಿಯ ಮೇಲೆ ಕೂತೆ. ಅವಳಿಗೆ ಓದಲು ಬಾರದು. ಫೋನ್ ತೆಗೆದು ಬರಹವನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಗಟ್ಟಿಯಾಗಿ ಓದಿದೆ. ಡೇರಿಗೆ ಹಾಲು ಹಾಕಿ ಬರುತ್ತಿದ್ದ ನಾಲ್ಕೈದು ಹೆಂಗಸರೂ ನಿಂತು ಕೇಳಿದರು. ಅಂಕಮ್ಮ ಬಾಯಿಗೆ ಸೆರಗು ಇಟ್ಟುಕೊಂಡು, "ಅಯ್ಯೋ ಬೋರಿ, ಆರು ವರ್ಸ ಆ ಹೆಣ್ಣ ನಾವ್ಯಾರೂ ಹುಳ ಆಯಕ್ಕೆ ಕರೀನಿಲ್ವಲ್ಲೇ" ಎಂದಳು. ಆಮೇಲೆ, "ಹೇಳಿದ್ದಾಯ್ತಲ್ಲ, ಬುಡು. ಅದ್ನ ಫೋನ್ಗೂ ಹಾಕಿ ದೇಸಕ್ಕೆಲ್ಲಾ ಯಾಕೆ ಸಾರೀಯೆ?" ಎಂದಳು. "ಬರ್ದಿರೋದೇ ಅದಕ್ಕೆ ಕಣೆ" ಎಂದು, ಅವರೆಲ್ಲರ ಮುಂದೆ ಪ್ರಕಟಿಸು ಎಂಬುದನ್ನು ಒತ್ತಿದೆ. ಆಗ ಒಂಬತ್ತೂಕಾಲು.